ಮಧ್ಯಾಹ್ನದ ಅರ್ಧ ಗಂಟೆ

(ಕಾರಡ್ಕದಲ್ಲಿ ತೋಟ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಈ ದಿನ ನಾವು ಊಟದ ವಿಷಯ ಮಾತಾಡಲಿದ್ದೇವೆ. ಹಬ್ಬದ ಊಟವಲ್ಲ, ಮದುವೆಯ ಊಟವಲ್ಲ. ಸೋಮವಾರದಿಂದ ಶನಿವಾರದವರೆಗೆ ಪಟ್ಟಣದ ಆಫೀಸುಗಳಲ್ಲಿ ದುಡಿಯುವವರು ಮಧ್ಯಾಹ್ನ ಗಡಿಯಾರ ನೋಡಿಕೊಂಡು ಓಡಿ ಬಂದು, ಅವಸರದಲ್ಲಿ ಉಂಡು, ಕೈ ತೊಳೆದು ಓಡಿ ಹೋಗುವ ಊಟ. ತೋಟದಲ್ಲಿ ಗೇರುಬೀಜ ಹೆಕ್ಕುವ, ರಬ್ಬರು ಕಡಿಯುವ ನಮಗೂ ಪಟ್ಟಣದ ಆಫೀಸಿನವರ ಊಟಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಉಂಟು. ಆ ಊಟವನ್ನು ಬಡಿಸುವ ಕೈಗಳಲ್ಲಿ ಎಷ್ಟೋ ಕೈಗಳು ನಮ್ಮ ಮಕ್ಕಳದ್ದು. ಇಲ್ಲಿ ಕುಳಿತವರಲ್ಲಿ ಅಣ್ಣನನ್ನೋ ಮಗನನ್ನೋ ಭಾವನನ್ನೋ ಮುಂಬಯಿಯ ಅಥವಾ ಬೆಂಗಳೂರಿನ ಹೋಟೆಲಿಗೆ ಕಳುಹಿಸಿದ ಮನೆಗಳು ಕಡಿಮೆ ಇಲ್ಲ.

ಮೊದಲು ಮುಂಬಯಿಯನ್ನು ನೋಡೋಣ. ಅಲ್ಲಿ ಕೋಟೆ ಪ್ರದೇಶ ಎಂಬ ಭಾಗ ಉಂಟು, ಫೋರ್ಟ್ ಎಂದು ಕರೆಯುತ್ತಾರೆ. ಹೈಕೋರ್ಟು, ದೊಡ್ಡ ಬ್ಯಾಂಕುಗಳು, ವಿಮಾ ಕಂಪೆನಿಗಳು, ಹಡಗು ಕಂಪೆನಿಗಳು ಎಲ್ಲ ಅಲ್ಲಿಯೇ. ಬೆಳಿಗ್ಗೆ ರೈಲು ತುಂಬ ಜನ ಬಂದು ಇಳಿಯುತ್ತಾರೆ, ಸಂಜೆ ಅದೇ ರೈಲಿನಲ್ಲಿ ಹಿಂತಿರುಗುತ್ತಾರೆ. ಆದಿತ್ಯವಾರ ಬಂದರೆ ಬೀದಿಗಳು ಖಾಲಿ. ಈ ಜನರಿಗೆ ಮಧ್ಯಾಹ್ನದ ಊಟ ಎಲ್ಲಿಂದ? ಕೆಲವರಿಗೆ ಡಬ್ಬಾವಾಲರು ಮನೆಯ ಬುತ್ತಿಯನ್ನು ತಂದು ಕೊಡುತ್ತಾರೆ. ಉಳಿದವರಿಗಾಗಿ ಹುಟ್ಟಿಕೊಂಡದ್ದು ‘ಲಂಚ್ ಹೋಮ್’ ಎಂಬ ಊಟದ ಮನೆಗಳು. ಇವುಗಳಲ್ಲಿ ಹೆಸರಾದವು ಹಲವು ನಮ್ಮ ಕರಾವಳಿಯವರು ಕಟ್ಟಿದವು. 1970ರ ದಶಕದಲ್ಲಿ ಸೂರು ಕರ್ಕೇರ ಎಂಬವರು ಫೋರ್ಟಿನಲ್ಲಿ ತೆರೆದ ಮಹೇಶ್ ಲಂಚ್ ಹೋಮ್ ಆಫೀಸಿನವರಿಗೆ ಅನ್ನ, ಮೀನುಸಾರು ಬಡಿಸುವ ಸಣ್ಣ ಜಾಗವಾಗಿ ಆರಂಭವಾಗಿ ಮುಂದೆ ದೊಡ್ಡ ಹೆಸರಾಯಿತು. ಸಸ್ಯಾಹಾರದ ಕಡೆ, ಕಾರ್ಕಳದ ಕಡೆಯಿಂದ ಹೋದ ಎ. ರಾಮ ನಾಯಕರು 1942ರಲ್ಲಿ ಮಾಟುಂಗಾ ಸ್ಟೇಷನ್ ಬಳಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಮನೆ ಬಿಟ್ಟು ಬಂದು ಒಂಟಿಯಾಗಿ ದುಡಿಯುವವರಿಗೆ ಮನೆಯ ಊಟ, ಕೈಗೆಟಕುವ ಬೆಲೆ: ಇದೇ ಇವರೆಲ್ಲರ ಗುಟ್ಟು.

ಇಲ್ಲಿಂದ ಹೋದ ಹುಡುಗರಿಗೆ ಆ ಹೋಟೆಲುಗಳೇ ಮನೆ, ಆ ಹೋಟೆಲುಗಳೇ ಶಾಲೆ. ಕೊಂಕಣ ರೈಲು ಪೂರ್ಣವಾಗಿ ಓಡತೊಡಗಿದ್ದು 1998ರಲ್ಲಿ. ಅದಕ್ಕೆ ಮುಂಚೆ ಹಡಗಿನಲ್ಲೋ ಬಸ್ಸಿನಲ್ಲೋ ಹೋಗಿ ಸೇರಿದವರು ಮೋರಿಯಲ್ಲಿ ಪಾತ್ರೆ ತೊಳೆದು, ಮೇಜು ಒರಸಿ, ಮಾಣಿಯಾಗಿ, ಕೆಲವರು ಗಲ್ಲದ ಮೇಲೆ ಕುಳಿತುಕೊಳ್ಳುವ ತನಕ ಏರಿದರು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಎಸ್.ಎಸ್.ಎಲ್.ಸಿ. ಮುಗಿಸಿದವರು, ಅಲ್ಲಿಂದ ವಕೀಲರೂ ಉಪಾಧ್ಯಾಯರೂ ಆದವರು ಇದ್ದಾರೆ. ಇದನ್ನು ನಾವು ಹೆಮ್ಮೆಯಿಂದಲೇ ಹೇಳಬೇಕು. ಆದರೆ ಏರಿದವರ ಕತೆಯನ್ನು ಎಲ್ಲರೂ ಹೇಳುತ್ತಾರೆ. ಮೋರಿಯ ಬಳಿಯೇ ಉಳಿದವರ ಕತೆ ಹೇಳುವವರು ಯಾರು?

ಈ ವ್ಯಾಪಾರದ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. ಆಫೀಸಿನವರ ಊಟದ ನೂಕುನುಗ್ಗಲು ಹನ್ನೆರಡೂವರೆಯಿಂದ ಎರಡೂವರೆಯ ತನಕ, ಅಂದರೆ ಎರಡೇ ಗಂಟೆ. ಒಂದು ಹೋಟೆಲಿನಲ್ಲಿ ಹತ್ತು ಮೇಜು, ಮೇಜಿಗೆ ನಾಲ್ಕು ಕುರ್ಚಿ ಇವೆ ಎಂದು ಇಟ್ಟುಕೊಳ್ಳಿ. ಒಂದು ಸಲಕ್ಕೆ 40 ಮಂದಿ. ಒಬ್ಬೊಬ್ಬರು ಅರ್ಧ ಗಂಟೆ ಕುಳಿತರೆ ಎರಡು ಗಂಟೆಯಲ್ಲಿ ನಾಲ್ಕು ಪಂಕ್ತಿ, 160 ಊಟ. ಇಪ್ಪತ್ತೇ ನಿಮಿಷದಲ್ಲಿ ಎದ್ದರೆ ಆರು ಪಂಕ್ತಿ, 240 ಊಟ. ಬಾಡಿಗೆ ಅಷ್ಟೇ, ದೀಪದ ಖರ್ಚು ಅಷ್ಟೇ, ಆದರೆ 80 ಊಟ ಹೆಚ್ಚು. ಊಟದ ಬೆಲೆ ಕಡಿಮೆ ಇಡಲು ಸಾಧ್ಯವಾಗುವುದೂ ಇದರಿಂದಲೇ. ಗಿರಾಕಿ ಬೇಗ ಏಳಬೇಕಾದರೆ ಅನ್ನ ಬೇಗ ಬರಬೇಕು, ಎಲೆ ಬೇಗ ತೆಗೆಯಬೇಕು, ಮೇಜು ಬೇಗ ಒರಸಬೇಕು. ಅಂದರೆ ಆ ಹತ್ತು ನಿಮಿಷದ ಉಳಿತಾಯ ಮಾಣಿಯ ಕಾಲಿನಿಂದ, ಕ್ಲೀನರ್ ಹುಡುಗನ ಕೈಯಿಂದ ಬರುತ್ತದೆ.

ಬೆಂಗಳೂರಿನವರು ಇದನ್ನು ಇನ್ನೂ ಮುಂದಕ್ಕೆ ಕೊಂಡುಹೋದರು. 1983ರಲ್ಲಿ ಆರ್. ಪ್ರಭಾಕರ ಎಂಬವರು ಜಯನಗರದಲ್ಲಿ ಕೆಫೆ ದರ್ಶಿನಿ ತೆರೆದರು. ಅಲ್ಲಿ ಕುರ್ಚಿಯೇ ಇಲ್ಲ. ಮೊದಲು ಹಣ ಕೊಟ್ಟು ಚೀಟಿ ತೆಗೆದುಕೊಳ್ಳಬೇಕು, ಚೀಟಿ ತೋರಿಸಿ ಇಡ್ಲಿಯನ್ನೋ ಅನ್ನಸಾರನ್ನೋ ನಾವೇ ಎತ್ತಿಕೊಂಡು ನಿಂತು ತಿನ್ನಬೇಕು. ಅಡಿಗೆ ಮಾಡುವುದು ಎಲ್ಲರ ಕಣ್ಣೆದುರಿಗೆ. ಬಡಿಸುವವರ ಸಂಬಳ ಉಳಿಯಿತು, ಜಾಗ ಉಳಿಯಿತು, ಬೆಲೆ ಇಳಿಯಿತು. ಗುಮಾಸ್ತನೂ ಆಟೋ ಓಡಿಸುವವನೂ ಒಂದೇ ಕಟ್ಟೆಯ ಮೇಲೆ ತಟ್ಟೆ ಇಟ್ಟು ತಿಂದರು. ಯಾರು ಯಾವ ಜಾತಿ ಎಂದು ಕೇಳಲು ಅಲ್ಲಿ ಸಮಯವೇ ಇಲ್ಲ. ಇದು ಒಳ್ಳೆಯದೇ. ಈಗ ಬೆಂಗಳೂರಿನಲ್ಲಿ ಇಂಥ ದರ್ಶಿನಿಗಳು ಮೂಲೆ ಮೂಲೆಗೆ ಇವೆ.

ಇದು ನಮ್ಮ ದೇಶದ ಮಾತು ಮಾತ್ರವಲ್ಲ. ಜಪಾನಿನ ಟೋಕಿಯೋ ಪಟ್ಟಣದ ಆಫೀಸಿನವರು ಮಧ್ಯಾಹ್ನ ಓಡುವುದು ರಾಮೆನ್ ಅಂಗಡಿಗೆ. ರಾಮೆನ್ ಎಂದರೆ ಗೋಧಿಹಿಟ್ಟಿನ ಉದ್ದ ಶಾವಿಗೆಯನ್ನು ಬಿಸಿ ಸಾರಿನಲ್ಲಿ ಹಾಕಿ, ಮೇಲೆ ಮಾಂಸದ ತುಂಡು, ಮೊಟ್ಟೆ, ಈರುಳ್ಳಿ ಸೊಪ್ಪು ಇಟ್ಟು ಕೊಡುವ ದೊಡ್ಡ ಬೋಗುಣಿ. ಎಷ್ಟೋ ಅಂಗಡಿಗಳಲ್ಲಿ ಬಾಗಿಲ ಬಳಿಯ ಯಂತ್ರಕ್ಕೆ ಹಣ ಹಾಕಿ ಚೀಟಿ ಪಡೆಯುವ ಕ್ರಮ. ಉದ್ದನೆಯ ಕಟ್ಟೆಯ ಮುಂದೆ ಸಾಲಾಗಿ ಕುಳಿತು ಹತ್ತು ಹದಿನೈದು ನಿಮಿಷದಲ್ಲಿ ಸುರಿದು ಕುಡಿದು ಏಳುತ್ತಾರೆ. ಆ ಊಟವನ್ನು ಜಪಾನಿಗೆ ತಂದವರು ಯಾರು ಗೊತ್ತೇ? ದುಡಿಮೆಗಾಗಿ ಬಂದ ಚೀನೀಯರು. 1910ರಲ್ಲಿ ಟೋಕಿಯೋದ ಅಸಾಕುಸಾದಲ್ಲಿ ರೈರೈಕೆನ್ ಎಂಬ ಅಂಗಡಿ ತೆರೆದಾಗ ಅಲ್ಲಿ ಅಡಿಗೆಗೆ ನಿಂತವರು ಯೊಕೊಹಾಮಾ ಬಂದರಿನ ಚೀನೀ ಕೇರಿಯಿಂದ ಬಂದವರು. ಮುಂಬಯಿಗೆ ನಮ್ಮವರು ಹೋದ ಹಾಗೆ ಅವರೂ ಹೋಗಿದ್ದರು. ಇಂದು ಬೆಂಗಳೂರಿನಲ್ಲಿಯೂ ರಾಮೆನ್ ಸಿಗುತ್ತದೆ.

ರಾಮೆನ್ ಅಂಗಡಿಯ ಒಂದು ಸಂಗತಿ ನಮಗೆ ಪಾಠ. ಶಾವಿಗೆ ಬೇಯಲು ಒಂದೆರಡು ನಿಮಿಷ ಸಾಕು. ಆದರೆ ಅದರ ಎಲುಬಿನ ಸಾರು ಗಂಟೆಗಟ್ಟಲೆ ಕುದಿಯಬೇಕು. ಗಿರಾಕಿ ಬರುವ ಮೊದಲೇ, ಕತ್ತಲಲ್ಲಿ ಎದ್ದು ಯಾರೋ ಒಲೆ ಹಚ್ಚಿರುತ್ತಾರೆ. ನಮ್ಮ ದೋಸೆಯೂ ಹಾಗೆಯೇ ಅಲ್ಲವೇ? ಕಾವಲಿಯ ಮೇಲೆ ಮೂರು ನಿಮಿಷ. ಆದರೆ ಅಕ್ಕಿ ನೆನೆಹಾಕಿದ್ದು ನಿನ್ನೆ, ಅರೆದದ್ದು ನಿನ್ನೆ ಸಂಜೆ, ಹಿಟ್ಟು ಹುಳಿ ಬಂದದ್ದು ರಾತ್ರಿಯಿಡೀ. ಇದನ್ನು ನಮ್ಮ ತಾಯಂದಿರಿಗೆ ಹೇಳಿಕೊಡಬೇಕಾಗಿಲ್ಲ. ಬೇಗ ಆಗುವ ಊಟ ಎಂಬುದೇ ಇಲ್ಲ. ಬೇಗ ಸಿಗುವ ಊಟ ಮಾತ್ರ ಇದೆ. ಉಣ್ಣುವವನಿಗೆ ಉಳಿದ ಹೊತ್ತನ್ನು ಬೇಯಿಸುವವನು ಮೊದಲೇ ಕೊಟ್ಟಿರುತ್ತಾನೆ.

ಹಾಗಾದರೆ ನಾವು ಕೇಳಬೇಕಾದ ಪ್ರಶ್ನೆ ಒಂದೇ. ಎಲ್ಲರಿಗೂ ಮಧ್ಯಾಹ್ನದ ಊಟ ಬಡಿಸುವವನು ತಾನು ಯಾವಾಗ ಉಣ್ಣುತ್ತಾನೆ?

ನಮಗೆ ಪರಿಚಯದ ಒಬ್ಬ ಅಕ್ಕನ ಮಗ ಹತ್ತನೆಯ ತರಗತಿ ಮುಗಿಸಿ ದೊಡ್ಡ ಪಟ್ಟಣವೊಂದರ ಹೋಟೆಲಿಗೆ ಸೇರಿದ. ಅಕ್ಕ ದಿನಾ ಮಧ್ಯಾಹ್ನ ತೋಟದಲ್ಲಿ ಗಂಜಿ ಕುಡಿಯುವ ಹೊತ್ತಿಗೆ ಫೋನು ಮಾಡುತ್ತಿದ್ದಳು. “ಊಟ ಆಯಿತಾ ಮಗಾ?” ಎಂದು ಕೇಳಿದರೆ, “ಗಿರಾಕಿ ಹೋಗಲಿ ಅಮ್ಮ, ಆಮೇಲೆ” ಎನ್ನುತ್ತಿದ್ದ. ಆ ಆಮೇಲೆ ಬರುವಾಗ ನಾಲ್ಕು ಗಂಟೆ. ಬೆಳಿಗ್ಗೆ ಐದಕ್ಕೆ ಎದ್ದವನಿಗೆ ನಾಲ್ಕಕ್ಕೆ ಊಟ, ಉಳಿದ ಸಾರು, ಆರಿದ ಅನ್ನ. ರಾತ್ರಿ ಹನ್ನೊಂದರ ತನಕ ಕೆಲಸ. ವಾರದ ರಜೆ ಇಲ್ಲ, ಕೈಯಲ್ಲಿ ಒಂದು ಕಾಗದವೂ ಇಲ್ಲ. ಎಂಟು ತಿಂಗಳಲ್ಲಿ ಹೊಟ್ಟೆಹುಣ್ಣು ಹಿಡಿದು ಊರಿಗೆ ಬಂದ. ಮುನ್ನೂರು ಮಂದಿಗೆ ಅನ್ನ ಬಡಿಸಿದ ಹುಡುಗ ಹೊತ್ತಿಗೆ ಅನ್ನವಿಲ್ಲದೆ ಕಾಯಿಲೆ ಬಿದ್ದ. ಮಾಲಿಕ ಕೆಟ್ಟವನು ಎಂದು ಆ ಹುಡುಗನೂ ಹೇಳಲಿಲ್ಲ. ಆ ಮಾಲಿಕನೂ ಒಂದು ಕಾಲದಲ್ಲಿ ಮಾಣಿಯಾಗಿದ್ದವನೇ. “ನಾವೂ ಹೀಗೆಯೇ ಬೆಳೆದದ್ದು” ಎಂಬುದು ಅವನ ಮಾತು. ನಾವು ಹೇಳುವುದು ಇಷ್ಟೇ: ತಾನು ಹಸಿದು ಬೆಳೆದದ್ದು ಇನ್ನೊಬ್ಬನನ್ನು ಹಸಿವಿನಲ್ಲಿ ಇಡಲು ಕಾರಣವಾಗಬಾರದು.

ಆಫೀಸಿನವನ ಅರ್ಧ ಗಂಟೆಯೂ ಆಕಾಶದಿಂದ ಬಿದ್ದದ್ದಲ್ಲ. ದುಡಿಯುವವರು ಒಟ್ಟಾಗಿ ಕೇಳಿದ್ದರಿಂದ ಬಂದದ್ದು. 1948ರ ಕಾರ್ಖಾನೆ ಕಾನೂನು, ಐದು ಗಂಟೆಗಿಂತ ಹೆಚ್ಚು ಹೊತ್ತು ಎಡೆಬಿಡದೆ ದುಡಿಸಬಾರದು, ನಡುವೆ ಅರ್ಧ ಗಂಟೆಯಾದರೂ ವಿರಾಮ ಬೇಕು ಎಂದಿತು. 250ಕ್ಕಿಂತ ಹೆಚ್ಚು ಕಾರ್ಮಿಕರಿದ್ದ ಕಾರ್ಖಾನೆಯಲ್ಲಿ ಕ್ಯಾಂಟೀನು ಇಡಿಸಲು ಸರಕಾರಕ್ಕೆ ಅಧಿಕಾರ ಕೊಟ್ಟಿತು. ತೋಟದವರಾದ ನಮಗೆ 1951ರಲ್ಲಿ ಬಂದ ತೋಟ ಕಾರ್ಮಿಕರ ಕಾನೂನು ಅದೇ ಐದು ಗಂಟೆ, ಅದೇ ಅರ್ಧ ಗಂಟೆಯ ಮಾತು ಹೇಳಿತು. 150 ಕಾರ್ಮಿಕರಿದ್ದಲ್ಲಿ ಕ್ಯಾಂಟೀನಿನ ಮಾತು ಅದರಲ್ಲಿ ಇತ್ತು. ಹೋಟೆಲು ಕೆಲಸಗಾರರನ್ನೂ ಕಾನೂನು ಮರೆಯಲಿಲ್ಲ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾನೂನು ಬಂದಾಗಲೇ ಅದರಲ್ಲಿ ಐದು ಗಂಟೆ ದುಡಿಮೆಯ ಮೇಲೆ ಒಂದು ಗಂಟೆ ವಿರಾಮ ಎಂದು ಬರೆದಿತ್ತು. ವಾರಕ್ಕೊಂದು ರಜೆಯೂ ಅದರಲ್ಲಿತ್ತು. ಕೇರಳದಲ್ಲಿ ಇಂಥದೇ ಕಾನೂನು 1960ರಲ್ಲಿ ಬಂದಿತ್ತು.

ಈಗ ಕೇಂದ್ರದ ಹಳೆಯ ಕಾನೂನುಗಳ ಜಾಗದಲ್ಲಿ ಹೊಸ ಸಂಹಿತೆಗಳು ಬಂದಿವೆ. ಅವು 2025ರ ನವೆಂಬರ್ 21ರಿಂದ ಜಾರಿಗೆ ಬಂದವು. ಕಾರ್ಖಾನೆ ಕಾನೂನೂ ತೋಟ ಕಾರ್ಮಿಕರ ಕಾನೂನೂ ಈಗ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಯ 2020ರ ಸಂಹಿತೆಯೊಳಗೆ ಸೇರಿವೆ. ಅದರಲ್ಲಿ ಕ್ಯಾಂಟೀನಿನ ಮಾತು 100 ಕಾರ್ಮಿಕರಿಗೆ ಇಳಿದಿದೆ, ಗುತ್ತಿಗೆ ಕೂಲಿಗಳನ್ನೂ ಆ ಲೆಕ್ಕದಲ್ಲಿ ಸೇರಿಸಬೇಕು. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ ನೇಮಕದ ಪತ್ರ ಕೊಡಬೇಕು. ಈ ಸಂಹಿತೆಗಳ ಬೇರೆ ಎಷ್ಟೋ ಅಂಶಗಳ ಬಗ್ಗೆ ಸಂಘಗಳಿಗೆ ತಕರಾರು ಉಂಟು, ಅದನ್ನು ಇನ್ನೊಂದು ದಿನ ಮಾತಾಡೋಣ. ಆದರೆ ನಮಗೆ ಅನುಕೂಲವಾದದ್ದನ್ನು ತಿಳಿದುಕೊಳ್ಳದೆ ಇರುವುದು ಬುದ್ಧಿಯಲ್ಲ. ಕಾನೂನು ಕಪಾಟಿನಲ್ಲಿ ಇರುವ ಅಕ್ಕಿಯ ಹಾಗೆ. ತೆಗೆದು ಬೇಯಿಸಿದರೆ ಮಾತ್ರ ಅನ್ನ.

ದುಡಿಯುವವರೇ ಊಟದ ಮನೆಯ ಒಡೆಯರಾದ ಉದಾಹರಣೆಯೂ ನಮ್ಮ ಕಣ್ಣ ಮುಂದೆ ಇದೆ. ಬ್ರಿಟಿಷರ ಕಾಲದಲ್ಲಿ ಆರಂಭವಾಗಿ ಕಾಫಿ ಮಂಡಳಿ ನಡೆಸುತ್ತಿದ್ದ ಕಾಫಿ ಹೌಸುಗಳನ್ನು 1950ರ ದಶಕದಲ್ಲಿ ಮುಚ್ಚಲು ಹೊರಟಾಗ ಕೆಲಸಗಾರರು ಬೀದಿಗೆ ಬೀಳುವ ಹಾಗಾಯಿತು. ಆಗ ಎ. ಕೆ. ಗೋಪಾಲನ್ ಅವರು, ನೀವೇ ಸಹಕಾರ ಸಂಘ ಕಟ್ಟಿ ನಡೆಸಿರಿ ಎಂದು ಧೈರ್ಯ ಕೊಟ್ಟರು. 1957ರಲ್ಲಿ ಬೆಂಗಳೂರಿನಲ್ಲಿ ಕಾಫಿ ಕೆಲಸಗಾರರ ಸಹಕಾರ ಸಂಘ ಹುಟ್ಟಿತು. 1958ರ ಮಾರ್ಚಿನಲ್ಲಿ ತೃಶ್ಶೂರಿನಲ್ಲಿ ಕೇರಳದವರ ಮೊದಲ ಇಂಡಿಯನ್ ಕಾಫಿ ಹೌಸ್ ತೆರೆಯಿತು. ಆ ಗೋಪಾಲನ್ ಅವರು 1957ರಿಂದ ಲೋಕಸಭೆಯಲ್ಲಿ ಕಾಸರಗೋಡಿನ ಪ್ರತಿನಿಧಿಯಾಗಿದ್ದವರು, ನಮ್ಮ ಹಿರಿಯರು ಆರಿಸಿ ಕಳುಹಿಸಿದವರು. ಇಂದಿಗೂ ಆ ಕಾಫಿ ಹೌಸುಗಳಲ್ಲಿ ಬಿಳಿ ಬಟ್ಟೆ, ಬೀಸಣಿಗೆಯಂಥ ಪೇಟ ತೊಟ್ಟು ಬಡಿಸುವವನು ಸಂಘದ ಪಾಲುದಾರ. ಆಫೀಸಿನವರೂ ವಿದ್ಯಾರ್ಥಿಗಳೂ ಬಂದು ಉಣ್ಣುತ್ತಾರೆ. ಅಲ್ಲಿ ಗಿರಾಕಿಗೂ ಊಟ, ಬಡಿಸುವವನಿಗೂ ಮಾನ.

ಹೆಂಗಸರ ಉದಾಹರಣೆ ಬೇಕೆಂದರೆ ಕುಟುಂಬಶ್ರೀಯ ಜನಕೀಯ ಹೋಟೆಲುಗಳನ್ನು ನೋಡಿರಿ. 2020ರಲ್ಲಿ ಆರಂಭವಾದಾಗ 20 ರೂಪಾಯಿಗೆ ಊಟ ಕೊಟ್ಟರು. ಊಟ ಒಂದಕ್ಕೆ ಸರಕಾರ 10 ರೂಪಾಯಿ ಸಹಾಯಧನ ಕೊಡುತ್ತಿತ್ತು. 2023ರ ಆಗಸ್ಟಿನಲ್ಲಿ ಆ ಸಹಾಯ ನಿಂತಿತು, ಊಟದ ಬೆಲೆ 30 ರೂಪಾಯಿಗೆ ಏರಿತು. ಕರ್ನಾಟಕದಲ್ಲಿ 2017ರ ಆಗಸ್ಟ್ 16ರಂದು ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನ್ ಆರಂಭವಾದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಇಟ್ಟರು. ಇವೆಲ್ಲ ಬಡವರ ಹೊಟ್ಟೆಗೆ ತಂಪು. ಆದರೆ ಒಂದು ಎಚ್ಚರಿಕೆ ಬೇಕು. ಊಟ ಅಗ್ಗವಾದಾಗ ಆ ವ್ಯತ್ಯಾಸವನ್ನು ಯಾರಾದರೂ ಕೊಡಲೇಬೇಕು. ಸರಕಾರ ಕೊಟ್ಟರೆ ಸರಿ. ಸರಕಾರ ಕೈ ತೆಗೆದರೆ ಸೌಟು ಹಿಡಿದ ಅಕ್ಕಂದಿರ ಕೂಲಿಯಿಂದ ಅದು ಹೋಗುತ್ತದೆ. ಅಗ್ಗದ ಊಟವನ್ನು ಹೊಗಳುವಾಗ ಬೇಯಿಸಿದವಳಿಗೆ ದಿನಕ್ಕೆ ಎಷ್ಟು ಸಿಕ್ಕಿತು ಎಂದೂ ಕೇಳಬೇಕು.

ಈ ಕಾಲದಲ್ಲಿ ಊಟವೇ ಆಫೀಸಿಗೆ ಹೋಗುತ್ತದೆ. ಫೋನಿನಲ್ಲಿ ಹೇಳಿದರೆ ಸ್ವಿಗ್ಗಿ, ಜೊಮ್ಯಾಟೊ ಹುಡುಗರು ಬೈಕಿನಲ್ಲಿ ತಂದು ಕೊಡುತ್ತಾರೆ. ನಮ್ಮ ಕಡೆಯ ಹುಡುಗರೂ ಆ ಕೆಲಸಕ್ಕೆ ಸೇರುತ್ತಿದ್ದಾರೆ. ಮಳೆಯಲ್ಲಿ ನೆನೆಯುತ್ತಾ ಇನ್ನೊಬ್ಬರ ಬಿಸಿ ಊಟವನ್ನು ಒಣಗಿಯೇ ಇಡುವ ಕೆಲಸ ಅದು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಇವರನ್ನು ಗಿಗ್ ಕಾರ್ಮಿಕರು ಎಂದು ಮೊದಲ ಬಾರಿಗೆ ಹೆಸರಿಸಿದ್ದಾರೆ. ಹೆಸರು ಸಿಕ್ಕಿದೆ, ಹೊತ್ತಿಗೆ ಊಟ ಇನ್ನೂ ಸಿಗಬೇಕಾಗಿದೆ.

ಸಹೋದರ ಸಹೋದರಿಯರೇ, ಹೋಟೆಲು ಕೆಲಸ ಕೀಳಲ್ಲ. ಹಸಿದವನಿಗೆ ಉಣಬಡಿಸುವುದಕ್ಕಿಂತ ಒಳ್ಳೆಯ ಕೆಲಸ ಯಾವುದು? ಮಕ್ಕಳನ್ನು ಕಳುಹಿಸಬೇಡಿರಿ ಎಂದು ನಾವು ಹೇಳುವುದಿಲ್ಲ. ತಿಳಿದು ಕಳುಹಿಸಿರಿ ಎನ್ನುತ್ತೇವೆ.

ಮೊದಲನೆಯದು, ವಯಸ್ಸು. 14 ತುಂಬದ ಮಗುವನ್ನು ಹೋಟೆಲಿನಲ್ಲಿ ದುಡಿಸುವುದು 2006ರಿಂದ ನಿಷೇಧ. 2016ರ ತಿದ್ದುಪಡಿಯ ಮೇಲೆ ಈ ನಿಷೇಧ ಎಲ್ಲ ಕೆಲಸಕ್ಕೂ ಬಂದಿದೆ, ಶಾಲೆಯ ಹೊತ್ತಿನ ಹೊರಗೆ ಮನೆಯವರಿಗೆ ನೆರವಾಗುವಂಥ ಒಂದೆರಡು ವಿನಾಯಿತಿ ಬಿಟ್ಟು. ಹದಿನಾಲ್ಕು ತುಂಬಿತು ಎಂದು ಮರುದಿನವೇ ಕಳುಹಿಸಲೂ ಬೇಡಿರಿ. ಹತ್ತು ಮುಗಿಯಲಿ. ಆದರೆ ಹನ್ನೆರಡೂ ಮುಗಿಯಲಿ.

ಎರಡನೆಯದು, ಕಾಗದ. ಹೋಟೆಲಿನ ಹೆಸರು, ಕೆಲಸ, ಸಂಬಳ ಬರೆದ ನೇಮಕದ ಪತ್ರ ಕೇಳಿರಿ. ಪರಿಚಯದವರ ಹೋಟೆಲು, ಊರಿನವರ ಹೋಟೆಲು ಎಂಬ ದಾಕ್ಷಿಣ್ಯ ಬೇಡ. ಸಂಬಂಧ ಸಂಬಂಧಕ್ಕೆ, ಲೆಕ್ಕ ಲೆಕ್ಕಕ್ಕೆ.

ಮೂರನೆಯದು, ಹೊತ್ತು. ದಿನಕ್ಕೆ ಎಷ್ಟು ಗಂಟೆ, ವಾರದ ರಜೆ ಯಾವ ದಿನ, ಊಟಕ್ಕೆ ಬಿಡುವು ಯಾವಾಗ ಎಂದು ಕೇಳಿರಿ. ಗಿರಾಕಿಯ ಹೊತ್ತಿನಲ್ಲಿ ಉಣ್ಣಲಾಗದು ಎಂಬುದು ನಿಜ. ಹಾಗಾದರೆ ಹನ್ನೊಂದೂವರೆಗೆ ಬಿಸಿ ಅನ್ನ ಹಾಕಿ ಕೆಲಸಗಾರರನ್ನು ಮೊದಲು ಉಣಿಸಲಿ. ಒಳ್ಳೆಯ ಮಾಲಿಕರು ಹಾಗೆ ಮಾಡುತ್ತಾರೆ. ಅದರಿಂದ ಅವರ ವ್ಯಾಪಾರ ಮುಳುಗಿಲ್ಲ.

ನಾಲ್ಕನೆಯದು, ಸಂಪರ್ಕ. ಹೋದ ಹುಡುಗನ ವಿಳಾಸ, ಮಲಗುವ ಜಾಗ, ಅಲ್ಲಿರುವ ಊರಿನ ಒಬ್ಬ ಹಿರಿಯರ ಹೆಸರು ಮನೆಯಲ್ಲಿ ಬರೆದಿಟ್ಟುಕೊಳ್ಳಿರಿ. ಕಾಯಿಲೆ ಬಂದಾಗ ಇ.ಎಸ್.ಐ. ಉಂಟೋ ಇಲ್ಲವೋ ಎಂಬುದನ್ನು ಕಾಯಿಲೆ ಬರುವ ಮೊದಲೇ ಕೇಳಬೇಕು.

ಕೊನೆಗೆ ನಮ್ಮ ತೋಟದ ಮಾತು. ಪಟ್ಟಣದ ಗುಮಾಸ್ತನಿಗೆ ನಿಲ್ಲಲು ಒಂದು ಕಟ್ಟೆಯಾದರೂ ಇದೆ, ಕೈ ತೊಳೆಯಲು ನಲ್ಲಿ ಇದೆ. ಮಾರ್ಚ್ ಏಪ್ರಿಲಿನ ಬಿಸಿಲಿನಲ್ಲಿ ಗೇರುಬೀಜ ಹೆಕ್ಕುವ ನಮ್ಮ ಅಕ್ಕಂದಿರಿಗೆ ಮರದ ಬುಡ, ಬಾಟಲಿಯ ಬೆಚ್ಚಗಾದ ನೀರು. ಬೆಳಿಗ್ಗೆ ಕಟ್ಟಿದ ಬುತ್ತಿ ಹನ್ನೆರಡಕ್ಕೆ ಹಳಸಿರುತ್ತದೆ. ಅರಮನೆಯಂಥ ಕ್ಯಾಂಟೀನು ನಾವು ಕೇಳುವುದಿಲ್ಲ. ನೆರಳಿಗೆ ಒಂದು ಮಾಡು, ಕುಡಿಯುವ ನೀರು, ಕೈ ತೊಳೆಯುವ ಜಾಗ, ಬುತ್ತಿ ಬಿಸಿ ಮಾಡಲು ಒಂದು ಒಲೆ, ಯಾರೂ ಕಡಿಯದ ಅರ್ಧ ಗಂಟೆ. ಇದನ್ನು ಒಬ್ಬೊಬ್ಬರಾಗಿ ಕೇಳಿದರೆ ಗೊಣಗಾಟ ಎನ್ನುತ್ತಾರೆ. ಒಟ್ಟಾಗಿ ಬರೆದು ಸಹಿ ಹಾಕಿ ಕೊಟ್ಟರೆ ಬೇಡಿಕೆ ಎನ್ನುತ್ತಾರೆ. ಆ ಅರ್ಜಿಯನ್ನು ಬರೆದುಕೊಡಲು ಸಂಘದವರು ಸಿದ್ಧರಿದ್ದೇವೆ. ಪ್ರತಿ ಲೈನಿನಿಂದ ಇಬ್ಬರು, ಅದರಲ್ಲಿ ಒಬ್ಬರು ಹೆಂಗಸು, ಮುಂದಿನ ಕೂಟಕ್ಕೆ ಹೆಸರು ಕೊಡಿರಿ. ಹೊರಗೆ ಹೋಟೆಲಿನಲ್ಲಿ ದುಡಿಯುವ ಮಕ್ಕಳ ಹೆಸರು, ವಿಳಾಸಗಳನ್ನೂ ತನ್ನಿರಿ. ಒಂದು ಪುಸ್ತಕದಲ್ಲಿ ಬರೆದಿಡೋಣ. ಯಾರಾದರೂ ಕಷ್ಟದಲ್ಲಿದ್ದರೆ ವಿಚಾರಿಸಲು ಒಂದು ದಾರಿಯಾದೀತು.

ಇನ್ನು ಮುಂದೆ ನಾವು ಕಾಸರಗೋಡಿಗೋ ಮಂಗಳೂರಿಗೋ ಹೋದಾಗ ಹೋಟೆಲಿನಲ್ಲಿ ಊಟ ತರುವವನನ್ನು “ಏ ಹುಡುಗಾ” ಎಂದು ಕೂಗಬಾರದು. “ತಮ್ಮಾ” ಎನ್ನೋಣ. ಊಟ ಐದು ನಿಮಿಷ ತಡವಾದರೆ ಸಿಡುಕದಿರೋಣ. ಏಳುವ ಮೊದಲು, “ನಿನ್ನ ಊಟ ಆಯಿತಾ ತಮ್ಮಾ?” ಎಂದು ಒಂದು ಮಾತು ಕೇಳೋಣ. ಅವನೂ ಯಾವುದೋ ತೋಟದ ಮನೆಯಿಂದ ಬಂದವನೇ ಆಗಿರಬಹುದು.